ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ 7.8: ಮಾತ್ರೆ ಬೇಕಾ, ಬೇಡ್ವಾ?

2019ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಗಟ್ಟಿ ಎಚ್ಚರಿಕೆ ಕೊಟ್ಟಿತು. ಯೂರಿಕ್ ಆಸಿಡ್ ಇಳಿಸುವ ಫೆಬಕ್ಸೋಸ್ಟಾಟ್ ಮಾತ್ರೆ ನುಂಗುವವರಲ್ಲಿ ಹೃದಯದ ತೊಂದರೆಯಿಂದ ಆಗುವ ಸಾವು ಜಾಸ್ತಿ ಕಾಣುತ್ತಿದೆ ಎಂದಿತು. ಮರುವರ್ಷ ನವೆಂಬರ್‌ನಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು, ಹಾಗೇನೂ ಇಲ್ಲ ಎಂದಿತು. 2022ರ ಆಗಸ್ಟ್‌ನಲ್ಲಿ ಇನ್ನೊಂದು ಸುದ್ದಿ: ಗೌಟ್, ಅಂದರೆ ಯೂರಿಕ್ ಆಸಿಡ್ ಹರಳಿನಿಂದ ಏಳುವ ಕೀಲುನೋವು, ಬಂದು ಹೋದ ಮೇಲಿನ ಕೆಲವು ವಾರ ಹೃದಯಾಘಾತದ ಅಪಾಯ ಹೆಚ್ಚು. ಅದೇ ಅಕ್ಟೋಬರ್‌ನಲ್ಲಿ ಮತ್ತೂ ಒಂದು: ಯೂರಿಕ್ ಆಸಿಡ್ ಇಳಿಸುವ ಮಾತ್ರೆಯಿಂದ ಹೃದಯಕ್ಕೆ ಏನೂ ಲಾಭ ಇಲ್ಲ.

ಈ ನಾಲ್ಕೂ ಸುದ್ದಿಗಳು ಇವತ್ತಿಗೂ ತುಂಡು ತುಂಡಾಗಿ ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ. ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿಕೊಂಡು, ರಿಪೋರ್ಟಿನಲ್ಲಿ 7.8 ಎಂಬ ಅಂಕಿ ದಪ್ಪ ಅಕ್ಷರದಲ್ಲಿ ಬಂದಿರುವ ಮನುಷ್ಯ ಯಾವುದನ್ನು ನಂಬಬೇಕು?

ವಿಚಿತ್ರ ಅನಿಸಬಹುದು, ಆದರೆ ಈ ನಾಲ್ಕೂ ಸುದ್ದಿಗಳ ಹಿಂದೆ ನಿಜವಾದ ಅಧ್ಯಯನಗಳಿವೆ. ಅವು ಕೇಳಿದ ಪ್ರಶ್ನೆಗಳು ಬೇರೆ, ನೋಡಿದ ಜನ ಬೇರೆ. ಅದು ಅರ್ಥವಾಗಬೇಕಾದರೆ ಮೊದಲು ನಮ್ಮ ದೇಹದ ಒಂದು ಕಿಣ್ವದ ಕೆಲಸ ತಿಳಿಯಬೇಕು. ಅದರ ಹೆಸರು ಜ್ಯಾಂಥೀನ್ ಆಕ್ಸಿಡೇಸ್.

ಪ್ಯೂರಿನ್ ದಾರಿಯ ಕೊನೆಯ ಎರಡು ಮೆಟ್ಟಿಲು

ನಮ್ಮ ಡಿಎನ್‌ಎಯನ್ನು ನಾಲ್ಕು ಅಕ್ಷರಗಳಲ್ಲಿ ಬರೆದಿದೆ ಎನ್ನುತ್ತಾರೆ. ಅದರಲ್ಲಿ ಎರಡು, ಅಡೆನೀನ್ ಮತ್ತು ಗ್ವಾನೀನ್, ಪ್ಯೂರಿನ್ ಗುಂಪಿನವು. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯಲ್ಲೂ ಪ್ಯೂರಿನ್ ಇದೆ. ಜೀವಕೋಶಗಳು ದಿನಾ ಸಾಯುತ್ತವೆ, ಹೊಸದು ಹುಟ್ಟುತ್ತವೆ. ಹಳೆಯ ಪ್ಯೂರಿನ್‌ನಲ್ಲಿ ಒಂದಿಷ್ಟನ್ನು ದೇಹ ಮತ್ತೆ ಬಳಸಿಕೊಳ್ಳುತ್ತದೆ. ಉಳಿದದ್ದನ್ನು ಒಡೆದು ಹೊರಗೆ ಹಾಕಬೇಕು.

ಹೀಗೆ ಒಡೆಯುತ್ತಾ ಹೋದಾಗ ಕೊನೆಗೆ ಹೈಪೋಜ್ಯಾಂಥೀನ್ ಎಂಬ ವಸ್ತು ಸಿಗುತ್ತದೆ. ನಮ್ಮ ಕಿಣ್ವ ಅದನ್ನು ಜ್ಯಾಂಥೀನ್ ಮಾಡುತ್ತದೆ. ಅದೇ ಕಿಣ್ವ ಆ ಜ್ಯಾಂಥೀನನ್ನು ಯೂರಿಕ್ ಆಸಿಡ್ ಮಾಡುತ್ತದೆ. ಎರಡು ಮೆಟ್ಟಿಲು, ಕೆಲಸಗಾರ ಒಬ್ಬನೇ. ಹಾಗಾಗಿ ಅವನ ಕೈ ಹಿಡಿದರೆ ಯೂರಿಕ್ ಆಸಿಡ್ ತಯಾರಾಗುವುದು ಕಡಿಮೆಯಾಗುತ್ತದೆ. ಅಲೋಪ್ಯುರಿನಾಲ್ ಮತ್ತು ಫೆಬಕ್ಸೋಸ್ಟಾಟ್ ಮಾಡುವುದು ಇದನ್ನೇ.

ಈ ಕಿಣ್ವ ನಮ್ಮ ಯಕೃತ್ತು ಮತ್ತು ಕರುಳಿನಲ್ಲಿ ಜಾಸ್ತಿ ಇದೆ. ಹಸುವಿನ ಹಾಲಿನಲ್ಲೂ ಇದೆ, ಜಿಡ್ಡಿನ ಸಣ್ಣ ಸಣ್ಣ ಹನಿಗಳ ಹೊರಪದರಕ್ಕೆ ಅಂಟಿಕೊಂಡು. 1902ರಲ್ಲೇ ಇದರ ಗುರುತು ಸಿಕ್ಕಿತ್ತು. ಬೆಚ್ಚಗಿನ ಹಸಿ ಹಾಲಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಮತ್ತು ಸ್ವಲ್ಪ ಫಾರ್ಮಾಲ್ಡಿಹೈಡ್ ಹಾಕಿದರೆ, ನೋಡನೋಡುತ್ತಲೇ ನೀಲಿ ಹೋಗಿ ಹಾಲು ಬೆಳ್ಳಗಾಗುತ್ತದೆ. ಕುದಿಸಿದ ಹಾಲಿಗೆ ಹಾಕಿದರೆ ನೀಲಿ ಹಾಗೇ ಉಳಿಯುತ್ತದೆ. ಕುದಿಯಲ್ಲಿ ಕಿಣ್ವ ಕೆಟ್ಟುಹೋಗಿರುತ್ತದೆ, ಬಣ್ಣ ತೆಗೆಯುವವರು ಯಾರೂ ಇರುವುದಿಲ್ಲ. ಹಾಲು ಹಸಿಯೋ ಕಾಯಿಸಿದ್ದೋ ಎಂದು ಪತ್ತೆ ಮಾಡಲು ಈ ಪರೀಕ್ಷೆ ಬಳಸುತ್ತಿದ್ದರು.

ಇದನ್ನು ಓದಿ ಹಾಲು ಬಿಡಬೇಡಿ. ಹಾಲಿನ ಈ ಕಿಣ್ವ ರಕ್ತನಾಳ ಕೆಡಿಸುತ್ತದೆ ಎಂಬ ವಾದವೊಂದು 1970ರ ದಶಕದಲ್ಲಿ ಎದ್ದಿತ್ತು. ಪರೀಕ್ಷಿಸಿ ನೋಡಿದಾಗ ನಿಲ್ಲಲಿಲ್ಲ. ಹಾಲು ಮೊಸರು ಹೆಚ್ಚು ಬಳಸುವವರಲ್ಲಿ ಗೌಟ್ ಕಡಿಮೆ ಎಂಬುದೇ ದೊಡ್ಡ ಅಧ್ಯಯನಗಳಲ್ಲಿ ಕಂಡಿರುವುದು.

ಕಿಣ್ವದ ಇನ್ನೊಂದು ಗುಣ ನೆನಪಿಡಬೇಕು, ಮುಂದೆ ಬೇಕಾಗುತ್ತದೆ. ಇದು ಯೂರಿಕ್ ಆಸಿಡ್ ಮಾಡುವಾಗ ಪಕ್ಕದಲ್ಲೇ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ವಸ್ತುಗಳೂ ಹುಟ್ಟುತ್ತವೆ. ಇವು ರಕ್ತನಾಳದ ಒಳಪದರಕ್ಕೆ ಹಾನಿ ಮಾಡಬಲ್ಲವು.

ಹಲ್ಲಿಗೆ ತೊಂದರೆ ಇಲ್ಲ, ನಾಯಿಗೂ ಇಲ್ಲ

ಗೋಡೆಯ ಮೇಲಿನ ಹಲ್ಲಿಯ ಹಿಕ್ಕೆ ನೋಡಿರುತ್ತೀರಿ. ಕಪ್ಪು ಹಿಕ್ಕೆಯ ಒಂದು ತುದಿಯಲ್ಲಿ ಬಿಳಿ ಚುಕ್ಕೆ. ಆ ಬಿಳಿ ಭಾಗ ಯೂರಿಕ್ ಆಸಿಡ್. ಹಲ್ಲಿಗಳು, ಹಕ್ಕಿಗಳು ನೀರು ಉಳಿಸಲು ಅದನ್ನು ಗಟ್ಟಿಯಾಗಿಯೇ ಹೊರಹಾಕುತ್ತವೆ. ಹಸು, ನಾಯಿ, ಇಲಿಗಳ ದಾರಿ ಬೇರೆ. ಅವುಗಳಲ್ಲಿ ಯೂರಿಕೇಸ್ ಎಂಬ ಇನ್ನೊಂದು ಕಿಣ್ವ ಇದೆ. ಅದು ಯೂರಿಕ್ ಆಸಿಡನ್ನು ಮತ್ತೂ ಒಡೆದು, ನೀರಿನಲ್ಲಿ ಸಲೀಸಾಗಿ ಕರಗುವ ಅಲಂಟೊಯಿನ್ ಮಾಡುತ್ತದೆ.

ನಮ್ಮಲ್ಲಿ ಆ ಯೂರಿಕೇಸ್ ಇಲ್ಲ. ಸುಮಾರು 1.5 ಕೋಟಿ ವರ್ಷಗಳ ಹಿಂದೆ ನಮ್ಮ ಪೂರ್ವಜ ವಾನರರಲ್ಲಿ ಆ ಜೀನ್ ಕೆಟ್ಟುಹೋಯಿತು. ಚಿಂಪಾಂಜಿ, ಗೊರಿಲ್ಲಾಗಳಿಗೂ ಇದೇ ಪಾಡು. ಹೀಗಾಗಿ ಪ್ಯೂರಿನ್ ದಾರಿ ನಮ್ಮಲ್ಲಿ ಯೂರಿಕ್ ಆಸಿಡ್‌ನಲ್ಲೇ ನಿಂತುಬಿಡುತ್ತದೆ. ಅದನ್ನು ಹೊರಹಾಕುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಕಿಡ್ನಿಯದ್ದು, ಉಳಿದದ್ದು ಕರುಳಿನದ್ದು.

ಇಲ್ಲಿ ಒಂದು ಮುಖ್ಯ ಮಾತು. ಯೂರಿಕ್ ಆಸಿಡ್ ಜಾಸ್ತಿ ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ತೊಂದರೆ ತಯಾರಿಕೆಯಲ್ಲಿಲ್ಲ. ಕಿಡ್ನಿ ಸಾಕಷ್ಟು ಹೊರಹಾಕುತ್ತಿಲ್ಲ, ಅಷ್ಟೆ. ಕಿಣ್ವದ ಕೈ ಹಿಡಿಯುವ ಮಾತ್ರೆ ಅವರಿಗೂ ಕೆಲಸ ಮಾಡುತ್ತದೆ. ಚರಂಡಿ ಕಟ್ಟಿಕೊಂಡಾಗ ನಲ್ಲಿ ಸಣ್ಣ ಮಾಡಿದ ಹಾಗೆ.

ಕಿಡ್ನಿ ಯಾಕೆ ಹೊರಹಾಕುವುದಿಲ್ಲ? ವಂಶದ ಗುಣ ಒಂದು ಕಾರಣ. ಹೊಟ್ಟೆ ಸುತ್ತ ಬೊಜ್ಜು ಬಂದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಕಿಡ್ನಿ ಯೂರಿಕ್ ಆಸಿಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ, ದಿನಾ ನುಂಗುವ ಸಣ್ಣ ಡೋಸಿನ ಆಸ್ಪಿರಿನ್, ಇವೂ ಏರಿಸುತ್ತವೆ. ಟಿಬಿ ಚಿಕಿತ್ಸೆಯ ಪಿರಾಜಿನಮೈಡ್ ಅಂತೂ ಹೆಚ್ಚುಕಮ್ಮಿ ಎಲ್ಲರಲ್ಲೂ ಏರಿಸುತ್ತದೆ. ಟಿಬಿ ಮಾತ್ರೆ ನಡೆಯುವಾಗ ಈ ಅಂಕಿ ನೋಡಿ ಗಾಬರಿಯಾಗಿ ಚಿಕಿತ್ಸೆ ಬಿಡುವುದು ದೊಡ್ಡ ತಪ್ಪು. ಕೋರ್ಸ್‌ನ ಆ ಭಾಗ ಮುಗಿದ ಮೇಲೆ ಅದು ತಾನಾಗಿ ಇಳಿಯುತ್ತದೆ.

ಹರಳು ಕಟ್ಟಿದಾಗ

ಸಕ್ಕರೆ ಪಾಕ ತಣ್ಣಗಾದರೆ ಹರಳು ಕಟ್ಟುತ್ತದಲ್ಲ, ಯೂರಿಕ್ ಆಸಿಡ್ ಕಥೆಯೂ ಅದೇ. ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಪೂರ್ತಿ ಕರಗಿರಲಾರದು. ದೇಹದ ತಣ್ಣನೆಯ ತುದಿಗಳಲ್ಲಿ ಇನ್ನೂ ಬೇಗ ಹರಳಾಗುತ್ತದೆ. ಕಾಲಿನ ಹೆಬ್ಬೆರಳ ಬುಡವೇ ಇದಕ್ಕೆ ಮೊದಲ ಜಾಗ.

ಈ ಹರಳುಗಳು ವರ್ಷಗಟ್ಟಲೆ ಸುಮ್ನೆ ಕೂತಿರಬಹುದು. ಒಂದು ರಾತ್ರಿ ರೋಗನಿರೋಧಕ ಕೋಶಗಳು ಅವುಗಳನ್ನು ನುಂಗಲು ಹೋಗುತ್ತವೆ. ನುಂಗಲೂ ಆಗದೆ ಉಗುಳಲೂ ಆಗದೆ ಉರಿಯೂತದ ಸಂಕೇತ ಕಳಿಸುತ್ತವೆ. ಕೆಲವೇ ಗಂಟೆಗಳಲ್ಲಿ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆಯ ಭಾರವನ್ನೂ ತಡೆಯಲಾಗದಂಥ ನೋವು. ಇದೇ ಗೌಟ್.

ಅದನ್ನು ಖಚಿತ ಮಾಡುವ ದಾರಿ ಕೀಲಿನ ದ್ರವವನ್ನು ಸೂಜಿಯಲ್ಲಿ ತೆಗೆದು, ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು. ಸೂಜಿಯಂಥ ಚೂಪು ಹರಳು. ಒಂದು ದಿಕ್ಕಿಗೆ ಹಳದಿ, ಅಡ್ಡ ತಿರುಗಿಸಿದರೆ ನೀಲಿ. 1961ರಿಂದ ಈ ವಿಧಾನ ಇದೆ. ರಕ್ತದ ಅಂಕಿ ಇಷ್ಟು ನಂಬಿಕಸ್ಥ ಅಲ್ಲ. ನೋವು ಜೋರಾಗಿರುವ ದಿನಗಳಲ್ಲಿ ಯೂರಿಕ್ ಆಸಿಡ್ ಎಷ್ಟೋ ಸಲ ನಾರ್ಮಲ್ ಬರುತ್ತದೆ. ಹಾಗಂತ ಗೌಟ್ ಇಲ್ಲ ಎಂದು ಹೇಳುವಂತಿಲ್ಲ. ನೋವು ಇಳಿದ ಎರಡು ಮೂರು ವಾರಗಳ ನಂತರ ಮತ್ತೆ ನೋಡಬೇಕು.

ಇದರ ಉಲ್ಟಾ ಕೂಡ ನಿಜ. ಅಂಕಿ ಜಾಸ್ತಿ ಇದ್ದವರಿಗೆಲ್ಲ ಗೌಟ್ ಬರುವುದಿಲ್ಲ. 9 ದಾಟಿದವರಲ್ಲೂ ಮುಂದಿನ ಐದು ವರ್ಷದಲ್ಲಿ ಗೌಟ್ ಬರುವುದು ಸುಮಾರು 20 ಶೇಕಡಾ ಮಂದಿಗೆ ಮಾತ್ರ. ಈ ಲೇಖನದ ಗೊಂದಲಕ್ಕೆಲ್ಲ ಬೇರು ಇಲ್ಲಿದೆ: ಹರಳು ಕಟ್ಟಿ ನೋವು ತಂದಿರುವ ಯೂರಿಕ್ ಆಸಿಡ್ ಬೇರೆ, ಬರೀ ಕಾಗದದ ಮೇಲಿರುವ ಯೂರಿಕ್ ಆಸಿಡ್ ಬೇರೆ.

ಕ್ಯಾನ್ಸರ್ ಔಷಧಿಯ ಬೆನ್ನು ಹತ್ತಿದಾಗ ಸಿಕ್ಕ ಮಾತ್ರೆ

ಅಲೋಪ್ಯುರಿನಾಲ್ ಹುಟ್ಟಿದ್ದು ಗೌಟ್‌ಗಾಗಿ ಅಲ್ಲ. ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರಕ್ತದ ಕ್ಯಾನ್ಸರ್‌ಗೆ 6-ಮರ್ಕ್ಯಾಪ್ಟೋಪ್ಯೂರಿನ್ ಎಂಬ ಔಷಧಿ ಮಾಡಿದ್ದರು. ಅದು ಪ್ಯೂರಿನ್‌ನ ವೇಷ ಹಾಕಿ ಕ್ಯಾನ್ಸರ್ ಕೋಶವನ್ನು ಮೋಸ ಮಾಡುತ್ತದೆ. ಆದರೆ ಜ್ಯಾಂಥೀನ್ ಆಕ್ಸಿಡೇಸ್ ಅದನ್ನೂ ಒಡೆದು ಹಾಕುತ್ತಿತ್ತು. ಕಿಣ್ವವನ್ನು ತಡೆದರೆ ಔಷಧಿ ಹೆಚ್ಚು ಹೊತ್ತು ಉಳಿದೀತು ಎಂದು ಅಲೋಪ್ಯುರಿನಾಲ್ ಪ್ರಯೋಗಿಸಿದರು. ರೋಗಿಗಳ ಯೂರಿಕ್ ಆಸಿಡ್ ಕುಸಿಯಿತು. 1966ರಲ್ಲಿ ಅದು ಗೌಟ್ ಮಾತ್ರೆಯಾಗಿ ಒಪ್ಪಿಗೆ ಪಡೆಯಿತು. ಹೆಣ್ಣೆಂಬ ಕಾರಣಕ್ಕೆ ಕೆಲಸ ಸಿಗದೆ ಅಲೆದಿದ್ದ, ಪಿಎಚ್‌ಡಿ ಮುಗಿಸಲು ಆಗದಿದ್ದ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು. ಹಿಚಿಂಗ್ಸ್ ಜೊತೆ ಹಂಚಿಕೊಂಡ ಬಹುಮಾನ ಅದು.

ಈ ಕಥೆಯ ಒಂದು ಎಳೆ ಇವತ್ತೂ ಜೀವ ತೆಗೆಯಬಲ್ಲದು. ಕಿಡ್ನಿ ಕಸಿ ಆದವರಿಗೆ, ಲೂಪಸ್ ಅಥವಾ ಕರುಳಿನ ಉರಿಯೂತ ಇರುವವರಿಗೆ ಅಜಾಥಯೋಪ್ರಿನ್ ಕೊಡುತ್ತಾರೆ. ಅದು ದೇಹದೊಳಗೆ 6-ಮರ್ಕ್ಯಾಪ್ಟೋಪ್ಯೂರಿನ್ ಆಗುತ್ತದೆ. ಅದರ ಜೊತೆ ಯಾರೋ ಒಬ್ಬರು ಯೂರಿಕ್ ಆಸಿಡ್ ಮಾತ್ರೆ ಬರೆದರೆ, ಔಷಧಿಯನ್ನು ಒಡೆಯುವ ಕಿಣ್ವ ಕೈ ಕಟ್ಟಿ ಕೂರುತ್ತದೆ. ಔಷಧಿ ರಕ್ತದಲ್ಲಿ ತುಂಬಿಕೊಂಡು ಮೂಳೆ ಮಜ್ಜೆ ಸೊರಗುತ್ತದೆ. ಒಬ್ಬ ಡಾಕ್ಟರ್ ಬರೆದ ಚೀಟಿಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಲೇಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಿಣ್ವ ತಡೆಯುವುದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಒಂದು ಅಪರೂಪದ ಕಾಯಿಲೆ ಸ್ಪಷ್ಟವಾಗಿ ತೋರಿಸುತ್ತದೆ. ಪ್ಯೂರಿನ್ ಮತ್ತೆ ಬಳಸುವ ಕಿಣ್ವವೊಂದು ಹುಟ್ಟಿನಿಂದಲೇ ಇಲ್ಲದ ಮಕ್ಕಳು ಇದ್ದಾರೆ. ಲೆಶ್ ಮತ್ತು ನೈಹಾನ್ 1964ರಲ್ಲಿ ವಿವರಿಸಿದ ಕಾಯಿಲೆ ಅದು. ಆ ಮಕ್ಕಳಲ್ಲಿ ಯೂರಿಕ್ ಆಸಿಡ್ ವಿಪರೀತ. ಜೊತೆಗೆ ಕೈಕಾಲು ಸ್ವಾಧೀನದಲ್ಲಿ ಇರುವುದಿಲ್ಲ, ತಮ್ಮ ತುಟಿ ಬೆರಳುಗಳನ್ನು ತಾವೇ ಕಚ್ಚಿಕೊಳ್ಳುತ್ತಾರೆ. ಅಲೋಪ್ಯುರಿನಾಲ್ ಕೊಟ್ಟರೆ ಅವರ ಕಿಡ್ನಿಯಲ್ಲಿ ಯೂರಿಕ್ ಆಸಿಡ್ ಕಲ್ಲು ಕಟ್ಟುವುದು ತಪ್ಪುತ್ತದೆ, ಗೌಟ್ ತಪ್ಪುತ್ತದೆ. ಕಚ್ಚಿಕೊಳ್ಳುವುದು ನಿಲ್ಲುವುದಿಲ್ಲ. ಮಾತ್ರೆ ಹರಳನ್ನು ತಡೆಯಿತು, ಅಷ್ಟೇ. ಯೂರಿಕ್ ಆಸಿಡ್ ಏರಿದ್ದ ಮಾತ್ರಕ್ಕೆ ಕಾಯಿಲೆಯ ಎಲ್ಲ ಲಕ್ಷಣಕ್ಕೂ ಅದೇ ಕಾರಣ ಆಗಿರಲಿಲ್ಲ.

ಹೃದಯದ ಜಗಳ ಶುರುವಾಗಿದ್ದು ಹೇಗೆ

ಫೆಬಕ್ಸೋಸ್ಟಾಟ್ ಅಮೆರಿಕಕ್ಕೆ ಬಂದದ್ದು 2009ರಲ್ಲಿ. ಆಗಲೇ ಹೃದಯದ ಬಗ್ಗೆ ಸ್ವಲ್ಪ ಅನುಮಾನ ಇತ್ತು. ಹಾಗಾಗಿ ಎಫ್‌ಡಿಎ ದೊಡ್ಡ ಪ್ರಯೋಗ ಮಾಡಿ ತೋರಿಸಿ ಎಂದು ಕಂಪನಿಗೆ ಷರತ್ತು ಹಾಕಿತು. ಅದೇ ಕೇರ್ಸ್ ಪ್ರಯೋಗ. ಗೌಟ್ ಜೊತೆಗೆ ಹೃದ್ರೋಗವೂ ಇದ್ದ 6190 ಜನ. ಅರ್ಧದಷ್ಟು ಮಂದಿಗೆ ಫೆಬಕ್ಸೋಸ್ಟಾಟ್, ಉಳಿದವರಿಗೆ ಅಲೋಪ್ಯುರಿನಾಲ್. 2018ರಲ್ಲಿ ಫಲಿತಾಂಶ ಬಂತು.

ಹೃದಯಾಘಾತ, ಸ್ಟ್ರೋಕ್, ಸಾವು ಎಲ್ಲ ಸೇರಿಸಿ ನೋಡಿದರೆ ಎರಡೂ ಗುಂಪು ಒಂದೇ ಥರ ಇದ್ದವು. ಆದರೆ ಹೃದಯದ ಕಾರಣದ ಸಾವು ಮಾತ್ರ ಬೇರೆ ಮಾಡಿ ನೋಡಿದಾಗ ಫೆಬಕ್ಸೋಸ್ಟಾಟ್ ಗುಂಪಿನಲ್ಲಿ 4.3 ಶೇಕಡಾ, ಅಲೋಪ್ಯುರಿನಾಲ್ ಗುಂಪಿನಲ್ಲಿ 3.2 ಶೇಕಡಾ. ಈ ವ್ಯತ್ಯಾಸವೇ 2019ರ ಎಚ್ಚರಿಕೆಗೆ ಕಾರಣ. ಅಲೋಪ್ಯುರಿನಾಲ್ ಕೆಲಸ ಮಾಡದಿದ್ದರೆ ಅಥವಾ ಒಗ್ಗದಿದ್ದರೆ ಮಾತ್ರ ಫೆಬಕ್ಸೋಸ್ಟಾಟ್ ಕೊಡಿ ಎಂದು ಎಫ್‌ಡಿಎ ಹೇಳಿತು.

ಈ ಪ್ರಯೋಗದಲ್ಲಿ ಎರಡು ತೂತುಗಳಿದ್ದವು. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಧ್ಯದಲ್ಲೇ ಮಾತ್ರೆ ಬಿಟ್ಟಿದ್ದರು, ಸಾವುಗಳಲ್ಲಿ ಹೆಚ್ಚಿನವು ಆದದ್ದು ಮಾತ್ರೆ ಬಿಟ್ಟ ಮೇಲೆ. ಬಿಟ್ಟ ಮಾತ್ರೆ ಕೊಂದಿತು ಎನ್ನುವುದು ಕಷ್ಟ. ಇನ್ನೊಂದು, ಮಾತ್ರೆಯೇ ಇಲ್ಲದ ಗುಂಪು ಅಲ್ಲಿರಲಿಲ್ಲ. ಹಾಗಾಗಿ ಫೆಬಕ್ಸೋಸ್ಟಾಟ್ ಹಾನಿ ಮಾಡಿತೋ, ಅಲೋಪ್ಯುರಿನಾಲ್ ಕಾಪಾಡಿತೋ ಎಂದು ಹೇಳಲು ದಾರಿಯೇ ಇಲ್ಲ.

ಯುರೋಪಿನ ನಿಯಂತ್ರಕರೂ ಇಂಥದ್ದೇ ಒಂದು ಪ್ರಯೋಗ ಕೇಳಿದ್ದರು. ಅದು ಫಾಸ್ಟ್. ಸ್ಕಾಟ್‌ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು ಬ್ರಿಟನ್, ಡೆನ್ಮಾರ್ಕ್, ಸ್ವೀಡನ್‌ಗಳ 6128 ಜನರನ್ನು ಸೇರಿಸಿ ಮಾಡಿದ್ದು. ಎಲ್ಲರೂ 60 ದಾಟಿದವರು. ಇಲ್ಲಿ ಸತ್ತವರು ಫೆಬಕ್ಸೋಸ್ಟಾಟ್ ಗುಂಪಿನಲ್ಲಿ 7.2 ಶೇಕಡಾ, ಅಲೋಪ್ಯುರಿನಾಲ್ ಗುಂಪಿನಲ್ಲಿ 8.6 ಶೇಕಡಾ. ಅಂದರೆ ಹಾನಿಯ ಸುಳಿವಿಲ್ಲ. ಕೊನೆಯವರೆಗೂ ಸಂಪರ್ಕದಲ್ಲಿ ಉಳಿದವರೂ ಇಲ್ಲಿ ತುಂಬಾ ಜಾಸ್ತಿ.

ಹಾಗಾದರೆ ಕೇರ್ಸ್ ಸುಳ್ಳಾ? ಅವಸರ ಬೇಡ. ಕೇರ್ಸ್‌ನಲ್ಲಿ ಇದ್ದವರೆಲ್ಲ ಹೃದ್ರೋಗಿಗಳು. ಫಾಸ್ಟ್‌ನಲ್ಲಿ ಮೂವರಲ್ಲಿ ಒಬ್ಬರಿಗೆ ಮಾತ್ರ ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇತ್ತು. ಹಿಂದಿನ ಆರು ತಿಂಗಳಲ್ಲಿ ಹೃದಯಾಘಾತ ಆದವರನ್ನು, ತೀವ್ರ ಹಾರ್ಟ್ ಫೇಲ್ಯೂರ್ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ನನ್ನ ಓದಿನಲ್ಲಿ ಎರಡನ್ನೂ ಕೂಡಿಸಿದರೆ ಬರುವ ಅರ್ಥ ಇದು: ಹೃದಯ ಗಟ್ಟಿ ಇರುವ ಗೌಟ್ ರೋಗಿ ಫೆಬಕ್ಸೋಸ್ಟಾಟ್‌ಗೆ ಹೆದರಬೇಕಿಲ್ಲ. ಈಚೆಗಷ್ಟೇ ಹೃದಯಾಘಾತ ಆದವರಿಗೆ ಅಲೋಪ್ಯುರಿನಾಲ್ ಇರುವಾಗ ಫೆಬಕ್ಸೋಸ್ಟಾಟ್‌ನಿಂದ ಶುರು ಮಾಡಲು ಕಾರಣ ಇಲ್ಲ.

ಅಂಕಿ ಇಳಿಸಿದರೆ ಹೃದಯ ಉಳಿಯುತ್ತದಾ?

ಇದು ಬೇರೆಯದೇ ಪ್ರಶ್ನೆ. ಯೂರಿಕ್ ಆಸಿಡ್ ಜಾಸ್ತಿ ಇರುವವರಲ್ಲಿ ಬಿಪಿ, ಶುಗರ್, ಕಿಡ್ನಿ ತೊಂದರೆ, ಹೃದಯಾಘಾತ ಎಲ್ಲವೂ ಜಾಸ್ತಿ. ಇದನ್ನು ದಶಕಗಳಿಂದ ನೋಡಿದ್ದಾರೆ. ಜೊತೆಗೆ ಆ ಕಿಣ್ವ ಹುಟ್ಟಿಸುವ ಚುರುಕು ವಸ್ತುಗಳ ಮಾತು ಇದೆ. ಎರಡನ್ನೂ ಸೇರಿಸಿದರೆ ಕಿಣ್ವ ತಡೆದು ಹೃದಯ ಉಳಿಸಬಹುದು ಎಂಬ ಆಸೆ ಹುಟ್ಟುವುದು ಸಹಜ.

ಆಸೆ ಪರೀಕ್ಷೆಗೆ ನಿಂತಿತು. ಗೌಟ್ ಇಲ್ಲದ, ಆದರೆ ಹೃದಯದ ರಕ್ತನಾಳದ ಕಾಯಿಲೆ ಇದ್ದ 5721 ಜನರ ಮೇಲೆ ಬ್ರಿಟನ್‌ನಲ್ಲಿ ಆಲ್-ಹಾರ್ಟ್ ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಕ್ಕೆ 600 ಮಿಲಿಗ್ರಾಂವರೆಗೆ ಅಲೋಪ್ಯುರಿನಾಲ್, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ಸುಮಾರು ಐದು ವರ್ಷದ ನಂತರ ಹೃದಯಾಘಾತ, ಸ್ಟ್ರೋಕ್ ಅಥವಾ ಹೃದಯದ ಸಾವು ಆದದ್ದು ಮಾತ್ರೆ ಗುಂಪಿನಲ್ಲಿ 11.0 ಶೇಕಡಾ, ಮಾತ್ರೆ ಇಲ್ಲದ ಗುಂಪಿನಲ್ಲಿ 11.3 ಶೇಕಡಾ. ವ್ಯತ್ಯಾಸ ಇಲ್ಲ. ಕಿಡ್ನಿಯ ವಿಷಯದಲ್ಲೂ 2020ರಲ್ಲೇ ಎರಡು ಪ್ರಯೋಗಗಳು ಬಂದಿದ್ದವು. ಒಂದು ಟೈಪ್ 1 ಡಯಾಬಿಟಿಸ್ ಇದ್ದ 530 ಜನರ ಮೇಲೆ, ಇನ್ನೊಂದು ಕಿಡ್ನಿ ಕಾಯಿಲೆ ಇದ್ದ 369 ಜನರ ಮೇಲೆ. ಅಲೋಪ್ಯುರಿನಾಲ್ ಯೂರಿಕ್ ಆಸಿಡನ್ನು ಇಳಿಸಿತು. ಕಿಡ್ನಿ ಸೊರಗುವುದನ್ನು ನಿಧಾನ ಮಾಡಲಿಲ್ಲ.

ಯಾಕೆ ಹೀಗಾಯಿತು? ಮಳೆ ಬಂದ ದಿನ ಬೀದಿ ತುಂಬ ಕೊಡೆ ಕಾಣುತ್ತವೆ. ಕೊಡೆ ಕಿತ್ತುಕೊಂಡರೆ ಮಳೆ ನಿಲ್ಲುತ್ತದಾ? ಬೊಜ್ಜು, ಇನ್ಸುಲಿನ್ ತೊಂದರೆ, ಸೊರಗಿದ ಕಿಡ್ನಿ, ಇವು ಒಂದು ಕಡೆ ಯೂರಿಕ್ ಆಸಿಡ್ ಏರಿಸುತ್ತವೆ, ಇನ್ನೊಂದು ಕಡೆ ಹೃದಯ ಕೆಡಿಸುತ್ತವೆ. ಎರಡೂ ಒಟ್ಟಿಗೆ ಕಾಣುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ. ವಂಶವಾಹಿಗಳ ಕಾರಣಕ್ಕೆ ಜೀವನಪೂರ್ತಿ ಯೂರಿಕ್ ಆಸಿಡ್ ಜಾಸ್ತಿ ಇರುವವರನ್ನು ನೋಡಿದ ಅಧ್ಯಯನಗಳೂ ಬಹುತೇಕ ಇದನ್ನೇ ಹೇಳುತ್ತವೆ. ಅವರಿಗೆ ಗೌಟ್ ಖಂಡಿತ ಜಾಸ್ತಿ. ಹೃದ್ರೋಗದ ನಂಟು ಮಾತ್ರ ಗಟ್ಟಿಯಾಗಿ ಸಿಗುವುದಿಲ್ಲ.

ಉಳಿದದ್ದು 2022ರ ಆಗಸ್ಟ್‌ನ ಸುದ್ದಿ. ಬ್ರಿಟನ್‌ನ 62,574 ಗೌಟ್ ರೋಗಿಗಳ ದಾಖಲೆ ತೆಗೆದು ನೋಡಿದ ಅಧ್ಯಯನ ಅದು. ಹೃದಯಾಘಾತ ಅಥವಾ ಸ್ಟ್ರೋಕ್ ಆದವರಲ್ಲಿ, ಅದಕ್ಕೆ ಹಿಂದಿನ 60 ದಿನದೊಳಗೆ ಗೌಟ್ ನೋವು ಎದ್ದಿರುವ ಸಾಧ್ಯತೆ ಉಳಿದ ಗೌಟ್ ರೋಗಿಗಳಿಗಿಂತ ಸುಮಾರು ಎರಡು ಪಟ್ಟು. ಇಲ್ಲಿ ಅನುಮಾನ ಬೀಳುವುದು ಉರಿಯೂತದ ಮೇಲೆ. ಕೀಲಿನಲ್ಲಿ ಹೊತ್ತಿಕೊಂಡ ಉರಿ ಇಡೀ ರಕ್ತದಲ್ಲಿ ಹರಿದಾಡುತ್ತದೆ. ರಕ್ತನಾಳದಲ್ಲಿ ಮೊದಲೇ ಇರುವ ಕೊಬ್ಬಿನ ಗಂಟು ಆ ಸಮಯದಲ್ಲಿ ಒಡೆಯಬಹುದು. ಹಾಗಾಗಿ ಆಲ್-ಹಾರ್ಟ್ ಮತ್ತು ಈ ಅಧ್ಯಯನ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಆಲ್-ಹಾರ್ಟ್‌ನಲ್ಲಿ ಗೌಟ್ ಇರುವವರು ಇರಲಿಲ್ಲ. ಗೌಟ್‌ನ ಉರಿಯೂತವೇ ಇಲ್ಲದವರಲ್ಲಿ ತಡೆಯಲು ಏನಿತ್ತು?

ಜಪಾನ್ ಒಂದು ಕಡೆ, ಅಮೆರಿಕ ಇನ್ನೊಂದು ಕಡೆ

ನೋವಿಲ್ಲದ, ಬರೀ ಅಂಕಿ ಜಾಸ್ತಿ ಇರುವವರಿಗೆ ಮಾತ್ರೆ ಕೊಡಬೇಕಾ ಎಂಬುದರಲ್ಲಿ ತಜ್ಞರಲ್ಲೇ ಎರಡು ಪಂಗಡ. ಜಪಾನಿನ ಮಾರ್ಗಸೂಚಿ ಕೊಡಬಹುದು ಎನ್ನುತ್ತದೆ. ಅಂಕಿ 9 ದಾಟಿದರೆ, ಅಥವಾ 8 ದಾಟಿ ಜೊತೆಗೆ ಕಿಡ್ನಿ, ಬಿಪಿಯಂಥ ತೊಂದರೆ ಇದ್ದರೆ ಯೋಚಿಸಿ ಎಂಬುದು ಅಲ್ಲಿನ ರೂಢಿ. ಮುಂದೆ ಬರಬಹುದಾದ ಹಾನಿ ಮೊದಲೇ ತಡೆಯೋಣ ಎಂಬುದು ಅವರ ವಾದ.

ಅಮೆರಿಕದ ಕೀಲುವಾತ ತಜ್ಞರ ಸಂಘ, ಎಸಿಆರ್, 2020ರ ಮಾರ್ಗಸೂಚಿಯಲ್ಲಿ ಬೇಡ ಎಂದಿತು. ಅವರ ಲೆಕ್ಕ ಸರಳ. ಇಂಥ 24 ಜನರಿಗೆ ಮೂರು ವರ್ಷ ಮಾತ್ರೆ ಕೊಟ್ಟರೆ ಒಬ್ಬರಿಗೆ ಒಂದು ಗೌಟ್ ದಾಳಿ ತಪ್ಪುತ್ತದೆ. ಉಳಿದ 23 ಮಂದಿ ಸುಮ್ನೆ ನುಂಗಿದ ಹಾಗೆ.

ಆಲ್-ಹಾರ್ಟ್ ಮತ್ತು ಕಿಡ್ನಿ ಪ್ರಯೋಗಗಳನ್ನು ನೋಡಿದ ಮೇಲೆ ಅಮೆರಿಕದವರ ಮಾತೇ ಸರಿ ಎಂದು ನನಗೆ ಅನಿಸುತ್ತದೆ. ಮೊದಲೇ ತಡೆಯೋಣ ಎನ್ನುವುದು ಒಳ್ಳೆಯ ಮಾತು. ಆದರೆ ತಡೆಯುತ್ತದೆ ಎಂದು ತೋರಿಸಿದ ಮೇಲೆ ಹೇಳಬೇಕಾದ ಮಾತು.

ನಮ್ಮಲ್ಲಿ ಆಗುತ್ತಿರುವ ಎರಡು ತಪ್ಪು

ನಮ್ಮ ಊರುಗಳಲ್ಲಿ ಕಷ್ಟ ಎರಡೂ ಕಡೆಯಿಂದ ಇದೆ. ಪ್ಯಾಕೇಜ್ ಟೆಸ್ಟಿನಲ್ಲಿ ಕೇಳದೇ ಬಂದ ಅಂಕಿಗೆ ಮಾತ್ರೆ ಶುರುವಾಗಿಬಿಡುತ್ತದೆ. ಮೊಣಕಾಲು ಸವೆದು ನೋವು, ಹಿಮ್ಮಡಿ ನೋವು, ಸೊಂಟ ನೋವು, ಎಲ್ಲವೂ ಯೂರಿಕ್ ಆಸಿಡ್ ಖಾತೆಗೆ ಹೋಗುತ್ತವೆ. ಅಂಕಿ ಇಳಿಯುತ್ತದೆ, ನೋವು ಇಳಿಯುವುದಿಲ್ಲ. ನಿಜವಾದ ಕಾರಣ ಹುಡುಕುವುದು ವರ್ಷಗಟ್ಟಲೆ ತಡವಾಗುತ್ತದೆ.

ಇನ್ನೊಂದು ಕಡೆ ನಿಜವಾದ ಗೌಟ್ ಇರುವವರು. ವರ್ಷಕ್ಕೆ ಮೂರು ನಾಲ್ಕು ಸಲ ಕಾಲು ಊದುತ್ತದೆ. ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತಂದು ನುಂಗುತ್ತಾರೆ, ವಾರದಲ್ಲಿ ಇಳಿಯುತ್ತದೆ, ಮರೆಯುತ್ತಾರೆ. ಹರಳು ಮಾತ್ರ ಒಳಗೆ ಬೆಳೆಯುತ್ತಲೇ ಇರುತ್ತದೆ. ಬೆರಳ ಗಂಟುಗಳಲ್ಲಿ, ಕಿವಿಯ ಅಂಚಿನಲ್ಲಿ ಸುಣ್ಣದಂಥ ಬಿಳಿ ಉಂಡೆ ಎದ್ದು, ಕೀಲು ಸವೆದು, ನೋವಿನ ಮಾತ್ರೆಯಿಂದ ಕಿಡ್ನಿಯೂ ಸೊರಗುತ್ತದೆ. ಕಿಣ್ವ ತಡೆಯುವ ಮಾತ್ರೆ ನಿಜಕ್ಕೂ ಬೇಕಾಗಿರುವುದು ಇವರಿಗೆ. ನನಗೆ ಹೆಚ್ಚು ಸಂಕಟ ತರುವ ತಪ್ಪು ಇದು. ಗೌಟ್‌ನ ಹಾಗೆ ಕಾರಣ ಇಷ್ಟು ಸ್ಪಷ್ಟ ಗೊತ್ತಿರುವ, ಇಷ್ಟು ಕಡಿಮೆ ಖರ್ಚಿನ ಮಾತ್ರೆಯಲ್ಲಿ ಹತೋಟಿಗೆ ಬರುವ ಕೀಲಿನ ಕಾಯಿಲೆ ಇನ್ನೊಂದು ಸಿಗುವುದು ಕಷ್ಟ.

ಇವರಲ್ಲೂ ಎಷ್ಟೋ ಮಂದಿ ಮಾತ್ರೆ ಶುರು ಮಾಡಿ ಬಿಡುತ್ತಾರೆ. ಅದಕ್ಕೂ ಕಾರಣ ಇದೆ. ಯೂರಿಕ್ ಆಸಿಡ್ ಇಳಿಯುತ್ತಾ ಬಂದಾಗ ಹಳೆಯ ಹರಳುಗಳು ಅಂಚಿನಿಂದ ಕರಗಿ ಸಡಿಲವಾಗುತ್ತವೆ. ಆಗ ಮೊದಲ ಕೆಲವು ತಿಂಗಳು ನೋವು ಮತ್ತೆ ಮತ್ತೆ ಏಳಬಹುದು. ಮಾತ್ರೆ ತಗೊಂಡ ಮೇಲೇ ಜಾಸ್ತಿ ಆಯ್ತು ಎಂದು ರೋಗಿ ಬಿಟ್ಟುಬಿಡುತ್ತಾನೆ. ಇದನ್ನು ಮೊದಲೇ ಹೇಳಿ, ಮೂರರಿಂದ ಆರು ತಿಂಗಳು ಜೊತೆಗೆ ಸಣ್ಣ ಡೋಸಿನ ಕೋಲ್ಚಿಸಿನ್ ಕೊಡುವುದು ಸರಿಯಾದ ಕ್ರಮ. ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆ ಗಿಡದಲ್ಲೂ ಇರುವ ವಸ್ತು ಈ ಕೋಲ್ಚಿಸಿನ್. ಡೋಸ್ ಮೀರಿದರೆ ಅಷ್ಟೇ ಭಯಂಕರ ವಿಷ. ಅದಕ್ಕೇ ಆ ಗಡ್ಡೆಯನ್ನು ಮನೆಮದ್ದು ಎಂದು ಮುಟ್ಟಬಾರದು, ಮಾತ್ರೆಯನ್ನೂ ಬರೆದುಕೊಟ್ಟದ್ದಕ್ಕಿಂತ ಒಂದು ಹೆಚ್ಚು ನುಂಗಬಾರದು.

ಅವರೆಕಾಳು ಏನು ತಪ್ಪು ಮಾಡಿತ್ತು?

ರಿಪೋರ್ಟ್ ನೋಡಿದ ಕೂಡಲೇ ಮನೆಯಲ್ಲಿ ಮೊದಲು ನಿಲ್ಲುವುದು ತೊಗರಿಬೇಳೆ, ಅವರೆಕಾಳು, ಪಾಲಕ್ ಸೊಪ್ಪು. ಬೇಳೆ ಸಾರೇ ಇಲ್ಲದ ಊಟ ನಮ್ಮಲ್ಲಿ ಎಂಥ ಊಟ? ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಬಂತು. ಮಾಂಸ, ಮೀನು, ಸಿಗಡಿ ಜಾಸ್ತಿ ತಿಂದವರಲ್ಲಿ ಗೌಟ್ ಜಾಸ್ತಿ ಇತ್ತು. ಬೇಳೆಕಾಳು, ಪಾಲಕ್, ಹೂಕೋಸು, ಅಣಬೆ ತಿಂದವರಲ್ಲಿ ಜಾಸ್ತಿ ಇರಲಿಲ್ಲ. ಇವುಗಳಲ್ಲೂ ಪ್ಯೂರಿನ್ ಇದೆ, ಆದರೂ ಗೌಟ್ ತರಲಿಲ್ಲ.

ಹೆದರಬೇಕಾದದ್ದು ಬಿಯರ್‌ಗೆ ಮತ್ತು ಸಿಹಿ ಕೂಲ್‌ಡ್ರಿಂಕ್‌ಗೆ. ಕೂಲ್‌ಡ್ರಿಂಕ್‌ನಲ್ಲಿ ಪ್ಯೂರಿನ್ ಇಲ್ಲವಲ್ಲ ಎನ್ನಬಹುದು. ಅದರ ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್. ಯಕೃತ್ತು ಅದನ್ನು ಅರಗಿಸುವಾಗ ಎಟಿಪಿಯನ್ನು ಗಬಗಬ ಖರ್ಚು ಮಾಡುತ್ತದೆ. ಖರ್ಚಾದ ಎಟಿಪಿಯ ಪ್ಯೂರಿನ್ ಒಡೆಯುತ್ತಾ ಬಂದು ಸೇರುವುದು ನಮ್ಮ ಜ್ಯಾಂಥೀನ್ ಆಕ್ಸಿಡೇಸ್ ಬಾಗಿಲಿಗೆ. ಆದರೂ ಪಥ್ಯದಿಂದ ಇಳಿಯುವುದು ಹೆಚ್ಚೆಂದರೆ ಸುಮಾರು 1 ಮಿಲಿಗ್ರಾಂ. ಯೂರಿಕ್ ಆಸಿಡ್‌ನ ದೊಡ್ಡ ಪಾಲು ನಮ್ಮದೇ ಜೀವಕೋಶಗಳಿಂದ ಬರುತ್ತದೆ, ತಟ್ಟೆಯಿಂದ ಅಲ್ಲ. ಪದೇ ಪದೇ ಗೌಟ್ ಬರುವವರನ್ನು, ಬಾಯಿ ಕಟ್ಟಲಿಲ್ಲ ಎಂದು ಬೈಯುವುದು ಅನ್ಯಾಯ.

ಮಾತ್ರೆ ಶುರುವಾದರೆ

ಗೌಟ್ ದಾಳಿ ವರ್ಷಕ್ಕೆ ಎರಡು ಅಥವಾ ಹೆಚ್ಚು ಬರುತ್ತಿದ್ದರೆ, ಬಿಳಿ ಉಂಡೆಗಳು ಎದ್ದಿದ್ದರೆ, ಎಕ್ಸ್-ರೇಯಲ್ಲಿ ಗೌಟ್‌ನಿಂದ ಕೀಲು ಸವೆದದ್ದು ಕಂಡರೆ ಮಾತ್ರೆ ಬೇಕು. ಇದರಲ್ಲಿ ಯಾವ ದೇಶದ ತಜ್ಞರಿಗೂ ಜಗಳ ಇಲ್ಲ. ಗುರಿ 6ಕ್ಕಿಂತ ಕೆಳಗೆ. ಹರಳು ಕರಗುವುದು ಆ ಮಟ್ಟದಲ್ಲೇ. ಅಲೋಪ್ಯುರಿನಾಲ್ ದಿನಕ್ಕೆ 100 ಮಿಲಿಗ್ರಾಂ ಅಥವಾ ಕಡಿಮೆಯಿಂದ ಶುರು ಮಾಡಿ, ರಕ್ತ ನೋಡುತ್ತಾ ನಿಧಾನವಾಗಿ ಏರಿಸಬೇಕು. ವರ್ಷಗಟ್ಟಲೆ 100ರಲ್ಲೇ ನಿಂತು ಅಂಕಿ 8 ಇದ್ದರೆ ಅದು ಮಾತ್ರೆಯ ಸೋಲಲ್ಲ, ಡೋಸ್ ಸಾಲದು ಎಂದರ್ಥ.

ಬರೀ 7.8 ಇದ್ದು, ನೋವೂ ಇಲ್ಲ, ಕಿಡ್ನಿಯಲ್ಲಿ ಕಲ್ಲೂ ಇಲ್ಲ ಎನ್ನುವವರು ಡಾಕ್ಟರನ್ನು ಕೇಳಬೇಕಾದದ್ದು ಬೇರೆ: ಬಿಪಿ ಎಷ್ಟಿದೆ, ಶುಗರ್ ಎಷ್ಟು, ಕಿಡ್ನಿ ಹೇಗಿದೆ, ಈಗ ನುಂಗುತ್ತಿರುವ ಮಾತ್ರೆಗಳಲ್ಲಿ ಯಾವುದಾದರೂ ಯೂರಿಕ್ ಆಸಿಡ್ ಏರಿಸುತ್ತಿದೆಯಾ. ಬಿಪಿಗೆ ಲೊಸಾರ್ಟನ್ ಹೊಂದುವವರಿಗೆ ಅದರಿಂದಲೇ ಸ್ವಲ್ಪ ಇಳಿಯುತ್ತದೆ. ಆದರೆ ಡಾಕ್ಟರನ್ನು ಕೇಳದೆ ಬಿಪಿ ಮಾತ್ರೆಯನ್ನಾಗಲೀ ಆಸ್ಪಿರಿನನ್ನಾಗಲೀ ಬಿಡುವುದು ಯೂರಿಕ್ ಆಸಿಡ್‌ಗಿಂತ ದೊಡ್ಡ ಅಪಾಯ.

ಅಲೋಪ್ಯುರಿನಾಲ್ ಶುರು ಮಾಡಿದವರು ಮೊದಲ ಎರಡು ಮೂರು ತಿಂಗಳು ಮೈ ಮೇಲೆ ಕಣ್ಣಿಡಬೇಕು. ಸಾವಿರಕ್ಕೆ ಸುಮಾರು ಒಬ್ಬರಿಗೆ ತೀವ್ರ ಅಲರ್ಜಿ ಆಗಬಹುದು. ಎಚ್‌ಎಲ್‌ಎ-ಬಿ 58:01 ಎಂಬ ಜೀನ್ ಇರುವವರಲ್ಲಿ ಅಪಾಯ ತುಂಬಾ ಹೆಚ್ಚು. ಹಾನ್ ಚೀನೀಯರು, ಕೊರಿಯನ್ನರು, ಥಾಯ್ ಜನ ಹಾಗೂ ಆಫ್ರಿಕನ್ ಮೂಲದ ಅಮೆರಿಕನ್ನರಿಗೆ ಮೊದಲೇ ಈ ಪರೀಕ್ಷೆ ಮಾಡಿಸಿ ಎಂದು ಎಸಿಆರ್ ಹೇಳುತ್ತದೆ. ನಮ್ಮವರು ಆ ಪಟ್ಟಿಯಲ್ಲಿಲ್ಲ, ಹಾಗಂತ ನಮಗೆ ಆಗುವುದೇ ಇಲ್ಲ ಎಂದಲ್ಲ. ಚರ್ಮದಲ್ಲಿ ಕೆಂಪು ದದ್ದು, ಜೊತೆಗೆ ಜ್ವರ, ಬಾಯಿಯಲ್ಲಿ ಹುಣ್ಣು ಕಂಡರೆ ಮುಂದಿನ ಮಾತ್ರೆ ನುಂಗಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.